ಪಕ್ಕದಲ್ಲಿ ನಿಂತವರು

ಗೊತ್ತಿರುವ ಕೆಲಸವನ್ನು ಮಾಡದೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಬೆಳಗಿನ ಹೊತ್ತು ಆಸ್ಪತ್ರೆಯ ವಾರ್ಡಿಗೆ ಹೋಗಬೇಕು. ಏಳು ಗಂಟೆಗೆ ರಾತ್ರಿ ಪಾಳಿಯವರು ರೋಗಿಗಳ ವಿವರ ಒಪ್ಪಿಸಿ ಹೊರಟಿರುತ್ತಾರೆ. ಫ್ರೀಮಾಂಟ್, ಸ್ಯಾನ್ ಹೋಸೆ, ಓಕ್ಲೆಂಡ್, ಊರು ಯಾವುದಾದರೂ ಆಗಲಿ. ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಇನ್ಸುಲಿನ್ ಬಾಟಲಿಯನ್ನು ತಲೆಕೆಳಗೆ ಹಿಡಿದು ಸಿರಿಂಜಿನ ಗೆರೆಗಳನ್ನು ಎಣಿಸುತ್ತಿರುತ್ತಾಳೆ. ಗಾಳಿಗುಳ್ಳೆ ಸೇರಿಕೊಂಡಿತು, ಹೊರಹಾಕಿದಳು, ಮತ್ತೆ ಎಳೆದಳು. ಎರಡು ಹೆಜ್ಜೆ ಹಿಂದೆ ಅವಳ ಶಿಕ್ಷಕಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಅವರಿಗೆ ಅದು ಅರ್ಧ ನಿಮಿಷದ ಕೆಲಸ. ಹುಡುಗಿಗೆ ಐದು ನಿಮಿಷವಾದರೂ ಮುಗಿದಿಲ್ಲ. ತಿಂಡಿಯ ತಟ್ಟೆ ಬಂದಾಗಿದೆ, ಪಕ್ಕದ ಕೋಣೆಯ ಕರೆಗಂಟೆ ಹೊಡೆದುಕೊಳ್ಳುತ್ತಿದೆ, ಮಂಚದ ಮೇಲಿನವರು ಗಡಿಯಾರ ನೋಡುತ್ತಿದ್ದಾರೆ. ಆದರೂ ಶಿಕ್ಷಕಿ ಕೈ ಚಾಚುವುದಿಲ್ಲ. ಗೆರೆ ತಪ್ಪಿದರೆ ಮಾತ್ರ ಆ ಕೈ ಮುಂದೆ ಬರುತ್ತದೆ. ಅದಕ್ಕೂ ಮೊದಲು ಬಂದರೆ ಹುಡುಗಿ ಕಲಿಯುವುದಿಲ್ಲ. ಒಂದು ಕ್ಷಣ ತಡವಾದರೆ ಮಂಚದ ಮೇಲಿರುವವರಿಗೆ ಅಪಾಯ.

ನಾವು ಕನ್ನಡಿಗರು ಬೇ ಏರಿಯಾವನ್ನು ಸಾಫ್ಟ್‌ವೇರಿನ ಸೀಮೆ ಎಂದೇ ತಿಳಿದಿದ್ದೇವೆ. ಇಲ್ಲಿನ ರಾಜ್ಯೋತ್ಸವದಲ್ಲಿ ಹೊಸಬರು ಸಿಕ್ಕರೆ ಕೇಳುವುದು ಯಾವ ಕಂಪನಿ ಎಂದು. ಯಾವ ವಾರ್ಡ್ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದರೆ ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪನಿಗೆ ಎದೆ ನೋವು ಬಂದಾಗ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ, ಈ ಸೀಮೆಯ ಇನ್ನರ್ಧದ ಪರಿಚಯವಾಗುತ್ತದೆ. ಫಿಲಿಪೀನ್ಸಿನವರು, ಕೇರಳದವರು, ಮೆಕ್ಸಿಕೋ ಮೂಲದವರು, ಪಂಜಾಬಿನವರು ಸೇರಿ ನಡೆಸುವ ಲೋಕ ಅದು. ಅವರ ಹಿಂದೆ ಬಣ್ಣಬಣ್ಣದ ಸಮವಸ್ತ್ರದಲ್ಲಿ, ಕಾಲೇಜಿನ ಹೆಸರಿನ ಬಿಲ್ಲೆ ತೊಟ್ಟು, ಜೇಬಿನಲ್ಲಿ ಚೀಟಿ ತುಂಬಿಕೊಂಡು ಓಡಾಡುವ ವಿದ್ಯಾರ್ಥಿಗಳು. ಓಲೋನಿ ಕಾಲೇಜು, ಕ್ಯುಪರ್ಟಿನೋದ ಡಿ ಆನ್ಜಾ, ಎವರ್‌ಗ್ರೀನ್ ವ್ಯಾಲಿ, ಸ್ಯಾನ್ ಹೋಸೆ ಸ್ಟೇಟ್, ಓಕ್ಲೆಂಡಿನ ಸ್ಯಾಮ್ಯುಯೆಲ್ ಮೆರಿಟ್, ಹೀಗೆ ಹಲವು ಕಡೆಯಿಂದ ಬಂದು ಇದೇ ಆಸ್ಪತ್ರೆಗಳಲ್ಲಿ ಜಾಗಕ್ಕಾಗಿ ಕಾಯುತ್ತಾರೆ. ತರಗತಿಯಲ್ಲಿ ಸೀಟು ಸಿಕ್ಕುವುದು ಒಂದು ಪಾಡು, ವಾರ್ಡಿನಲ್ಲಿ ಮಂಚದ ಪಕ್ಕ ನಿಲ್ಲಲು ಜಾಗ ಸಿಕ್ಕುವುದು ಅದಕ್ಕಿಂತ ದೊಡ್ಡ ಪಾಡು.

ಕಾನೂನಿನ ಕಣ್ಣಲ್ಲಿ ಈ ವಿದ್ಯಾರ್ಥಿ ಒಂದು ವಿಚಿತ್ರ ಜೀವಿ. ಲೈಸೆನ್ಸ್ ಇಲ್ಲದವರು ನರ್ಸ್ ಕೆಲಸ ಮಾಡುವುದು ಅಪರಾಧ. ಆದರೆ ಓದಿನ ಅಂಗವಾಗಿ ಮಾಡುವ ವಿದ್ಯಾರ್ಥಿಗೆ ಕ್ಯಾಲಿಫೋರ್ನಿಯಾದ ಶಾಸನ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ನಿಂತಿರುವುದು ಪಕ್ಕದಲ್ಲಿರುವವರ ಮೇಲೆ. ಕೊನೆಯ ಹಂತದಲ್ಲಿ ವಿದ್ಯಾರ್ಥಿಯನ್ನು ಒಬ್ಬ ಅನುಭವಿ ನರ್ಸಿನ ಕೈಗೆ ಒಪ್ಪಿಸುತ್ತಾರೆ; ಪ್ರಿಸೆಪ್ಟರ್ ಎನ್ನುತ್ತಾರೆ ಅವರನ್ನು. ವಿದ್ಯಾರ್ಥಿ ಶುಶ್ರೂಷೆ ಮಾಡುವಷ್ಟು ಹೊತ್ತೂ ಪ್ರಿಸೆಪ್ಟರ್ ಅದೇ ವಾರ್ಡಿನಲ್ಲಿ ಇರಬೇಕು, ಕರೆದರೆ ಸಿಗಬೇಕು ಎಂಬುದು ಇಲ್ಲಿನ ನರ್ಸಿಂಗ್ ಮಂಡಳಿಯ ನಿಯಮ. ಫೋನಿನಲ್ಲಿ ಸಿಗುತ್ತೇನೆ ಎನ್ನುವಂತಿಲ್ಲ. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದಕ್ಕೆ ಮಾತ್ರ ಈ ನಿಯಮಾವಳಿ ಒಂದು ಸಂಖ್ಯೆ ಹೇಳುವುದಿಲ್ಲ. ರೋಗಿಗಳ ಸ್ಥಿತಿ ಎಷ್ಟು ಗಂಭೀರ, ವಿದ್ಯಾರ್ಥಿಗಳು ಯಾವ ವರ್ಷದವರು ಎಂಬುದನ್ನೆಲ್ಲ ತೂಗಿ ನೋಡಿ ಎನ್ನುತ್ತದೆ. ನಿಯಮ ಬರೆದವರಲ್ಲಿ ಯಾರೋ ಒಬ್ಬರು ವಾರ್ಡಿನಲ್ಲಿ ದುಡಿದವರೇ ಇರಬೇಕು ಎಂದು ನನ್ನ ಊಹೆ.

ಹೀಗೆ ಸದಾ ಪಕ್ಕದಲ್ಲೇ ಇರಬೇಕು ಎನ್ನುವುದು ಯಾಕೆ? ಹೇಳಿಕೊಟ್ಟರೆ ಸಾಲದೆ? ಇದಕ್ಕೆ ಉತ್ತರ ಹುಡುಕಿದವರು ಇದೇ ಸೀಮೆಯವರು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಹ್ಯೂಬರ್ಟ್ ಡ್ರೈಫಸ್ ಎಂಬ ತತ್ತ್ವಶಾಸ್ತ್ರಜ್ಞರಿದ್ದರು. ಕಂಪ್ಯೂಟರ್‌ಗಳಿಂದ ಏನೇನು ಆಗುವುದಿಲ್ಲ ಎಂದು 1972ರಷ್ಟು ಹಿಂದೆಯೇ ಪುಸ್ತಕ ಬರೆದು ಬಯ್ಗುಳ ತಿಂದವರು. ಅವರೂ ಅವರ ತಮ್ಮ ಸ್ಟುವರ್ಟ್ ಡ್ರೈಫಸರೂ ಸೇರಿ ವಿಮಾನ ಹಾರಿಸುವವರು, ಚದುರಂಗ ಆಡುವವರು ಹೇಗೆ ಪಳಗುತ್ತಾರೆ ಎಂದು ನೋಡಿ, ಕಲಿಕೆಗೆ ಐದು ಮೆಟ್ಟಿಲುಗಳಿವೆ ಎಂದರು. ಕೊಲ್ಲಿಯ ಆಚೆ ದಡದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪೆಟ್ರೀಷಿಯಾ ಬೆನರ್ ಆ ಮೆಟ್ಟಿಲುಗಳನ್ನು ವಾರ್ಡಿಗೆ ತಂದರು. ನರ್ಸುಗಳನ್ನು ಕೂರಿಸಿ ಅವರವರ ಕೆಲಸದ ಕಥೆಗಳನ್ನು ಕೇಳಿ, 1984ರಲ್ಲಿ ‘ಫ್ರಮ್ ನಾವಿಸ್ ಟು ಎಕ್ಸ್‌ಪರ್ಟ್’ ಎಂಬ ಪುಸ್ತಕ ಬರೆದರು. ನರ್ಸಿಂಗ್ ಓದಿದವರು ಇಂದಿಗೂ ಆ ಪುಸ್ತಕವನ್ನು ದಾಟಿಯೇ ಬರುತ್ತಾರೆ.

ಬೆನರ್ ಕಂಡದ್ದು ಇಷ್ಟು. ಹೊಸಬರಿಗೆ ನಿಯಮ ಬೇಕು. ರಕ್ತದೊತ್ತಡ ಇಷ್ಟಕ್ಕಿಂತ ಇಳಿದರೆ ಡಾಕ್ಟರನ್ನು ಕರೆ, ಮೂತ್ರ ಇಷ್ಟಕ್ಕಿಂತ ಕಡಿಮೆಯಾದರೆ ತಿಳಿಸು. ಪಳಗಿದವರಿಗೆ ನಿಯಮ ನೆನಪೇ ಆಗುವುದಿಲ್ಲ. ಕೋಣೆಯೊಳಗೆ ಕಾಲಿಟ್ಟವರೇ ‘ಈ ಅಜ್ಜ ಇವತ್ತು ಸರಿ ಇಲ್ಲ’ ಎನ್ನುತ್ತಾರೆ. ಯಂತ್ರದ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಯಾಕೆ ಹಾಗನ್ನಿಸಿತು ಎಂದು ಕೇಳಿದರೆ ತಡವರಿಸುತ್ತಾರೆ. ಚರ್ಮದ ಬಣ್ಣವೋ, ಹೊದಿಕೆಯನ್ನು ಕೆದಕುತ್ತಿದ್ದ ಬೆರಳೋ, ನಿನ್ನೆ ಮಾತಾಡಿದ ದನಿಗೂ ಇವತ್ತಿನದಕ್ಕೂ ಇರುವ ಒಂದೆಳೆ ವ್ಯತ್ಯಾಸವೋ. ಆಮೇಲೆ ನೋಡಿದರೆ ಅವರು ಅಂದದ್ದು ನಿಜವಾಗಿರುತ್ತದೆ. ಈ ತಿಳಿವಳಿಕೆಯನ್ನು ಬಾಯಿಂದ ಕಿವಿಗೆ ದಾಟಿಸಲಾಗುವುದಿಲ್ಲ. ದಾಟುವುದಿದ್ದರೆ ಆ ಅಜ್ಜನ ಮಂಚದ ಬಳಿ, ಆ ಗಳಿಗೆಯಲ್ಲಿ, ‘ಅವರ ಬೆರಳು ನೋಡು’ ಎಂದು ತೋರಿಸುವವರು ಇದ್ದಾಗ ಮಾತ್ರ.

ಇದರಲ್ಲಿ ಒಂದು ತೊಡಕೂ ಇದೆ. ತುಂಬ ಪಳಗಿದವರಿಗೆ ತಾವು ಒಂದು ಕಾಲಕ್ಕೆ ಏನೂ ಗೊತ್ತಿಲ್ಲದೆ ನಿಂತಿದ್ದೆವು ಎಂಬುದು ಮರೆತುಹೋಗಿರುತ್ತದೆ. ‘ಇಷ್ಟೂ ಗೊತ್ತಾಗಲ್ಲವಾ?’ ಎಂದು ಗದರುವವರು ಸಾಮಾನ್ಯವಾಗಿ ಕೆಲಸ ಬಾರದವರಲ್ಲ, ಕೆಲಸ ಚೆನ್ನಾಗಿ ಬಲ್ಲವರೇ. ಎರಡು ಮೂರು ವರ್ಷ ಹಳಬರಾದವರು ಹೊಸಬರಿಗೆ ಒಳ್ಳೆಯ ಗುರುಗಳಾಗುವುದನ್ನು ನೋಡಿದ್ದೇನೆ. ಎಡವಿದ ಜಾಗ ಅವರಿಗೆ ಇನ್ನೂ ನೆನಪಿರುತ್ತದೆ.

ನಮ್ಮ ಹಳ್ಳಿಗಳ ಬಾವಿಯಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಸುತ್ತಿದ್ದರು. ಮೇಲೆ ಕೂತವರು ಹಗ್ಗವನ್ನು ಬಿಗಿ ಹಿಡಿದರೆ ಹುಡುಗ ತೂಗಾಡುತ್ತಾನೆಯೇ ಹೊರತು ಈಜುವುದಿಲ್ಲ. ಹಗ್ಗ ಸಡಿಲವಾಗಿ ನೀರಿನ ಮೇಲೆ ತೇಲುತ್ತಿರಬೇಕು, ತುದಿ ಮಾತ್ರ ಕೈಯಲ್ಲಿರಬೇಕು. ಆದರೆ ಬಾವಿಯಲ್ಲಿ ಮುಳುಗಿದರೆ ಮುಳುಗುವವನು ಕಲಿಯುವ ಹುಡುಗನೇ. ವಾರ್ಡಿನಲ್ಲಿ ಕಲಿಯುವವಳು ಒಬ್ಬಳು, ಮುಳುಗುವವರು ಇನ್ನೊಬ್ಬರು. ಹೋಲಿಕೆ ಅಲ್ಲಿಗೆ ಮುರಿದುಬೀಳುತ್ತದೆ. ನೈತಿಕ ಪ್ರಶ್ನೆ ಶುರುವಾಗುವುದೂ ಅಲ್ಲಿಂದಲೇ.

ಆ ಇನ್ನೊಬ್ಬರು ಯಾರು? ಕಾಯಿಲೆ ಬಿದ್ದವರು, ಹೆದರಿದವರು, ಅರ್ಧ ಬಟ್ಟೆಯಲ್ಲಿ ಮಲಗಿರುವವರು. ಅವರು ಆಸ್ಪತ್ರೆಗೆ ಬಂದದ್ದು ಗುಣವಾಗಲು, ಪಾಠವಾಗಲು ಅಲ್ಲ. ಆದರೂ ತಮ್ಮ ತೋಳು, ತಮ್ಮ ರಕ್ತನಾಳ, ತಮ್ಮ ನಾಚಿಕೆ ಎಲ್ಲವನ್ನೂ ಗುರುತು ಪರಿಚಯವಿಲ್ಲದ ಹುಡುಗಿಯ ಕಲಿಕೆಗೆ ಸಾಲವಾಗಿ ಕೊಡುತ್ತಾರೆ. ಅದಕ್ಕೆ ಬಡ್ಡಿಯೂ ಇಲ್ಲ, ಮರುಪಾವತಿಯೂ ಇಲ್ಲ. ಪಕ್ಕದಲ್ಲಿ ನಿಂತವರು ಈ ಸಾಲಕ್ಕೆ ಜಾಮೀನು. ಇಲ್ಲಿ ಕೋಣೆಗೆ ಬರುವಾಗ ಶಿಕ್ಷಕಿ ಮೊದಲು ಕೇಳುತ್ತಾರೆ: ಇವರು ವಿದ್ಯಾರ್ಥಿ, ನಿಮ್ಮನ್ನು ನೋಡಿಕೊಳ್ಳಬಹುದೆ? ಬೇಡ ಎನ್ನಬಹುದು. ಬೇಡ ಎಂದವರ ಮೇಲೆ ಯಾರೂ ಮುಖ ಸಿಂಡರಿಸುವುದಿಲ್ಲ. ಊರಿನಿಂದ ಬಂದ ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಒಪ್ಪಿಗೆ ಕೇಳುತ್ತಾರೆ ಎಂಬುದೇ ಅವರಿಗೆ ಹೊಸದು.

ಅದಕ್ಕಿಂತ ತಮಾಷೆ ಮುಂದಿನ ಪ್ರಶ್ನೆಯದು. ಪ್ರತಿ ಮಾತ್ರೆಗೂ ಮೊದಲು ಹೆಸರು ಮತ್ತು ಹುಟ್ಟಿದ ದಿನಾಂಕ ಹೇಳಿಸಿ, ಕೈಪಟ್ಟಿಯ ಜೊತೆ ತಾಳೆ ನೋಡಬೇಕು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು: ಹುಡುಗಿ ಇದನ್ನು ಮಂತ್ರದ ಹಾಗೆ ಗುನುಗುತ್ತಾಳೆ. ನಮ್ಮ ಅಜ್ಜಿಗೆ ಹೆಸರು ಗೊತ್ತು. ಹುಟ್ಟಿದ್ದು ದೊಡ್ಡ ಮಳೆ ಬಂದ ವರ್ಷ, ಶ್ರಾವಣದಲ್ಲಿ. ಪಾಸ್‌ಪೋರ್ಟಿನಲ್ಲಿರುವ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಹುಡುಗಿ ಗಾಬರಿಯಾಗಿ ಹಿಂದೆ ತಿರುಗುತ್ತಾಳೆ, ಕಲಿತ ನಿಯಮಕ್ಕೆ ಈ ಅಜ್ಜಿ ಸಿಕ್ಕುತ್ತಿಲ್ಲ. ಒಳ್ಳೆಯ ಶಿಕ್ಷಕಿ ಆಗ ಎರಡು ಸುಲಭ ದಾರಿಗಳನ್ನು ಬಿಡುತ್ತಾರೆ: ‘ಪರವಾಗಿಲ್ಲ ಕೊಡು’ ಎನ್ನುವುದಿಲ್ಲ, ತಾವೇ ಮುಂದೆ ಬಂದು ಮುಗಿಸುವುದೂ ಇಲ್ಲ. ‘ಇನ್ನು ಹೇಗೆ ಖಚಿತ ಮಾಡಿಕೊಳ್ಳುತ್ತೀಯ?’ ಎಂದು ಕೇಳಿ ಕಾಯುತ್ತಾರೆ. ಫೋನಿನಲ್ಲಿ ಕನ್ನಡ ಬಲ್ಲ ದುಭಾಷಿಯನ್ನು ಕರೆಯಬೇಕು ಎಂಬುದು ಹುಡುಗಿಗೆ ಹೊಳೆಯುವವರೆಗೂ ಕಾಯುತ್ತಾರೆ.

ನಮ್ಮ ಕಡೆಯ ಮಾತನ್ನೂ ಆಡಬೇಕು. ಕರ್ನಾಟಕದಲ್ಲಿ ಊರಿಗೊಂದು ನರ್ಸಿಂಗ್ ಕಾಲೇಜು ಎನ್ನುವಷ್ಟು ಕಾಲೇಜುಗಳಿವೆ. ಕೇರಳದಿಂದ, ಈಶಾನ್ಯದಿಂದ ಮಕ್ಕಳು ಓದಲು ಬೆಂಗಳೂರು, ಮಂಗಳೂರಿಗೆ ಬರುತ್ತಾರೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಕಾಗದದಲ್ಲಿ ಲೆಕ್ಕ ಸರಿ ಇರುತ್ತದೆ. ಪೋಸ್ಟಿಂಗಿಗೆ ಬಂದ ಮಕ್ಕಳನ್ನು ಕಂಡ ಕೂಡಲೇ ಎಷ್ಟೋ ವಾರ್ಡುಗಳು ಅಬ್ಬಾ ಎಂದು ಉಸಿರು ಬಿಡುತ್ತವೆ, ಕಲಿಸಲು ಮಕ್ಕಳು ಬಂದರೆಂದಲ್ಲ, ಕೆಲಸಕ್ಕೆ ಕೈ ಬಂತೆಂದು. ‘ಸ್ಟಾಫ್ ಇಲ್ಲದಿದ್ದರೇನಂತೆ, ಸ್ಟೂಡೆಂಟ್ಸ್ ಇದ್ದಾರಲ್ಲ’ ಎಂಬ ಮಾತನ್ನು ನರ್ಸಿಂಗ್ ಓದಿದ ಯಾರನ್ನು ಕೇಳಿದರೂ ನೆನಪಿಸಿಕೊಳ್ಳುತ್ತಾರೆ. ಮೂವತ್ತು ಮಂಚಗಳ ನಡುವೆ ಓಡಾಡುವ ಸಿಸ್ಟರಿಗೆ ಪಕ್ಕದಲ್ಲಿ ನಿಲ್ಲಲು ಪುರುಸೊತ್ತೆಲ್ಲಿ? ತಿಂಗಳ ಕೊನೆಗೆ ಲಾಗ್‌ಬುಕ್ಕಿನ ಹಾಳೆಗಳಿಗೆ ಒಟ್ಟಿಗೆ ಸಹಿ ಬೀಳುತ್ತದೆ. ಆ ಸಿಸ್ಟರನ್ನು ದೂರಿ ಪ್ರಯೋಜನವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನರ್ಸುಗಳು ವರ್ಷಗಟ್ಟಲೆ ಹೋರಾಡಿ 1999ರಲ್ಲಿ ಒಂದು ಕಾಯ್ದೆ ಪಡೆದರು. ಅದು ಜಾರಿಗೆ ಬಂದದ್ದು 2004ರಲ್ಲಿ. ತೀವ್ರ ನಿಗಾ ಘಟಕದಲ್ಲಿ ಒಬ್ಬ ನರ್ಸಿಗೆ ಇಬ್ಬರೇ ರೋಗಿಗಳು, ಸಾಮಾನ್ಯ ವಾರ್ಡಿನಲ್ಲಿ ಐವರು. ಈ ಲೆಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಮಾತ್ರ ಎಣಿಸುತ್ತಾರೆ, ವಿದ್ಯಾರ್ಥಿಯನ್ನು ಎಣಿಸುವಂತಿಲ್ಲ. ಎಣಿಕೆಗೆ ಸೇರದಿರುವುದೇ ವಿದ್ಯಾರ್ಥಿಯ ಭಾಗ್ಯ. ಐದು ನಿಮಿಷ ತಡ ಮಾಡುವ ಹಕ್ಕು ಅವಳಿಗೆ ಬಂದದ್ದು ಹಾಗೆ.

ಪಕ್ಕದಲ್ಲಿ ನಿಂತವರಿಂದ ಒಳ್ಳೆಯದೇ ದಾಟುತ್ತದೆ ಎಂದೇನಿಲ್ಲ. ಭಯವೂ ದಾಟುತ್ತದೆ, ತಾತ್ಸಾರವೂ ದಾಟುತ್ತದೆ. ಏಡ್ಸ್ ಕಾಲಿಟ್ಟ ಹೊಸತರಲ್ಲಿ ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದರು. ಆ ವರ್ಷಗಳಲ್ಲಿ ಕಲಿಯಲು ಬಂದ ವಿದ್ಯಾರ್ಥಿ ನೋಡಿದ್ದು ಅದನ್ನೇ. ಯಾವ ಪುಸ್ತಕವೂ ತಟ್ಟೆ ಹೊರಗಿಡು ಎಂದು ಬರೆದಿರಲಿಲ್ಲ, ಹಿರಿಯರ ಕಾಲುಗಳು ಹೊಸ್ತಿಲಲ್ಲಿ ನಿಂತದ್ದೇ ಪಾಠವಾಯಿತು. 1983ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ಕ್ಲಿಫ್ ಮಾರಿಸನ್ ಎಂಬ ನರ್ಸ್ ಮುಂದೆ ನಿಂತು ಏಡ್ಸ್ ರೋಗಿಗಳಿಗೆಂದೇ 5ಬಿ ಎಂಬ ವಾರ್ಡನ್ನು ತೆರೆಸಿದರು. ಹನ್ನೆರಡು ಮಂಚ, ಸ್ವಂತ ಇಚ್ಛೆಯಿಂದ ಬಂದ ನರ್ಸುಗಳು. ಅವರು ಮಂಚದ ಅಂಚಿನಲ್ಲಿ ಕೂತರು, ಬರಿಗೈಯಲ್ಲಿ ರೋಗಿಯ ಕೈ ಹಿಡಿದರು. ಮುಟ್ಟಿದರೆ ಈ ರೋಗ ಬರುವುದಿಲ್ಲ ಎಂಬುದನ್ನು ಭಾಷಣದಲ್ಲಿ ಕೇಳಿದ ವಿದ್ಯಾರ್ಥಿಗೂ, ಹಿರಿಯ ನರ್ಸೊಬ್ಬರು ಮುಟ್ಟಿದ್ದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೂ ಬಹಳ ಅಂತರವಿದೆ.

ಇನ್ನು ತಪ್ಪಿನ ವಿಚಾರ. 2017ರ ಡಿಸೆಂಬರಿನಲ್ಲಿ ಟೆನೆಸ್ಸಿಯ ನ್ಯಾಶ್‌ವಿಲ್ಲಿನಲ್ಲಿ ರಡೋಂಡಾ ವಾಟ್ ಎಂಬ ನರ್ಸ್, ಸ್ಕ್ಯಾನಿಗೆ ಹೆದರುತ್ತಿದ್ದ ವೃದ್ಧೆಗೆ ಮನಸ್ಸು ಹಗುರಾಗಿಸುವ ಮದ್ದಿನ ಬದಲು ಸ್ನಾಯುಗಳನ್ನು ನಿಶ್ಚಲಗೊಳಿಸುವ ಮದ್ದನ್ನು ಕೊಟ್ಟರು. ವೃದ್ಧೆ ತೀರಿಕೊಂಡರು. 2022ರ ಮಾರ್ಚಿನಲ್ಲಿ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥೆ ಎಂದಿತು. ಮೇ ತಿಂಗಳಲ್ಲಿ ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು. ಆ ದಿನ ಆಕೆಯ ಪಕ್ಕದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ಇನ್ನೊಬ್ಬ ನರ್ಸ್ ಇದ್ದರು, ಕಲಿಯಲೆಂದು. ಅವರಿಗೆ ಬೇರೇನೋ ವಿವರಿಸುತ್ತಲೇ ವಾಟ್ ಮದ್ದಿನ ಪೆಟ್ಟಿಗೆಗೆ ಕೈ ಹಾಕಿದ್ದರು. ಕಲಿಸುವುದೂ ಗಮನ ಬೇಡುವ ಕೆಲಸ. ಎರಡು ಗಮನ ಒಂದೇ ತಲೆಯಲ್ಲಿ ಕೂರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷ್ಯ ಬೇಡ. ತಿಳಿದ ಕೂಡಲೇ ವಾಟ್ ತಪ್ಪನ್ನು ತಾವಾಗಿಯೇ ಹೇಳಿದರು, ಮುಚ್ಚಿಡಲಿಲ್ಲ. ಹೇಳಿದವರನ್ನೇ ಕಟಕಟೆಗೆ ನಿಲ್ಲಿಸಿದರೆ ನಾಳೆ ಯಾರು ಹೇಳುತ್ತಾರೆ ಎಂದು ದೇಶದ ನರ್ಸುಗಳು ಕೇಳಿದರು. ಸತ್ತವರ ಮನೆಯವರಿಗೆ ಈ ಪ್ರಶ್ನೆ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿದಾಗ ನನಗೆ ಯಾವ ಪಕ್ಷಕ್ಕೂ ಪೂರ್ತಿ ಸೇರಲು ಆಗಿಲ್ಲ.

ವಿದ್ಯಾರ್ಥಿಯ ಮಟ್ಟಿಗೆ ಮಾತ್ರ ನನಗೆ ಅನುಮಾನವಿಲ್ಲ. ‘ಮೇಡಂ, ನಾನು ತಪ್ಪು ಕೋಣೆಗೆ ಹೋಗಿಬಿಟ್ಟಿದ್ದೆ’ ಎಂದು ಹುಡುಗಿ ಓಡಿ ಬಂದು ಹೇಳುವುದು ಯಾರ ಬಳಿ? ಗದರಿ ಗದರಿ ಕಲಿಸಿದವರ ಬಳಿ ಅವಳು ಹೇಳುವುದಿಲ್ಲ, ಅವರು ಎದುರಿಗಿದ್ದಾಗ ತಪ್ಪು ಮಾಡುವುದಿಲ್ಲ, ಅಷ್ಟೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ನಲ್ಲಿ ಒಂದು ಇಡೀ ಅಧ್ಯಾಯ, ನೀನು ಇಲ್ಲದಾಗಲೂ ನೀನಿದ್ದಾಗ ಆಗುವಂತೆಯೇ ಕೆಲಸ ಆಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಇದೆ. ಉಸ್ತುವಾರಿಯ ಗುಟ್ಟೆಲ್ಲ ಇಲ್ಲಿದೆ. ಇವತ್ತು ಪಕ್ಕದಲ್ಲಿ ನಿಲ್ಲುವುದು ನಾಲ್ಕು ವರ್ಷದ ಆಚೆಯ ಒಂದು ರಾತ್ರಿಗಾಗಿ. ಆಗ ಈ ಹುಡುಗಿಯ ಹಿಂದೆ ಯಾರೂ ಇರುವುದಿಲ್ಲ, ಮೂರು ಗಂಟೆಯ ಮಂಪರು ಇರುತ್ತದೆ, ಕೊಡಬೇಕಾದ ಮದ್ದು ಕೊಟ್ಟೆನೋ ಬಿಟ್ಟೆನೋ ಎಂಬ ಸಂಶಯ ಇರುತ್ತದೆ, ಕಂಪ್ಯೂಟರಿನಲ್ಲಿ ‘ಕೊಟ್ಟಿದೆ’ ಎಂದು ಒತ್ತಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಕೋವಿಡ್ ಬಂದಾಗ ಆಸ್ಪತ್ರೆಗಳು ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಿದವು. ಅಲ್ಲಿಯವರೆಗೆ ತರಬೇತಿಯ ಮುಕ್ಕಾಲು ಪಾಲು ರೋಗಿಯ ಬಳಿಯೇ ಆಗಬೇಕೆಂದಿದ್ದ ಕ್ಯಾಲಿಫೋರ್ನಿಯಾ, 2020ರಲ್ಲಿ ಅದನ್ನು ಅರ್ಧಕ್ಕೆ ಇಳಿಸಲು ಒಪ್ಪಿತು. ಉಳಿದರ್ಧಕ್ಕೆ ಗೊಂಬೆಗಳು: ಉಸಿರಾಡುತ್ತವೆ, ಕೆಮ್ಮುತ್ತವೆ, ಬಟನ್ ಒತ್ತಿದರೆ ಎದೆಬಡಿತ ನಿಲ್ಲಿಸುತ್ತವೆ. ಅರ್ಧದವರೆಗೂ ಗೊಂಬೆಯ ಮೇಲೆ ಕಲಿತವರು ಪರೀಕ್ಷೆಯಲ್ಲಾಗಲಿ ಆಮೇಲಿನ ಕೆಲಸದಲ್ಲಾಗಲಿ ಹಿಂದೆ ಬಿದ್ದಿಲ್ಲ ಎಂದು ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ಒಕ್ಕೂಟ 2014ರಷ್ಟು ಮೊದಲೇ ದೊಡ್ಡ ಅಧ್ಯಯನದಲ್ಲಿ ತೋರಿಸಿತ್ತು. ನಾನು ಅದನ್ನು ನಂಬುತ್ತೇನೆ. ತಪ್ಪುವುದಿದ್ದರೆ ಗೊಂಬೆಯ ಮೇಲೇ ತಪ್ಪಲಿ. ಆದರೂ ಗೊಂಬೆಗೆ ಸಂಕೋಚವಿಲ್ಲ, ಮಗಳು ಫೋನ್ ಮಾಡಲಿಲ್ಲ ಎಂಬ ಬೇಸರವಿಲ್ಲ, ‘ಬೇಡಮ್ಮ, ನೀನು ಚುಚ್ಚಬೇಡ’ ಎನ್ನುವ ಹಕ್ಕಿಲ್ಲ.

ಕೊನೆಗೆ ಎಲ್ಲಕ್ಕಿಂತ ಕಹಿಯಾದದ್ದು. ಎಲ್ಲ ಮಕ್ಕಳೂ ಕಲಿಯುವುದಿಲ್ಲ. ಬುದ್ಧಿಯಿದ್ದೂ ಎಚ್ಚರವಿಲ್ಲದವರಿರುತ್ತಾರೆ, ಎಚ್ಚರವಿದ್ದೂ ಸುಳ್ಳು ಬರೆಯುವವರಿರುತ್ತಾರೆ. ಬ್ರಿಟನ್ನಿನಲ್ಲಿ ಕ್ಯಾಥ್ಲೀನ್ ಡಫಿ 2003ರಲ್ಲಿ ಮಾಡಿದ ಅಧ್ಯಯನ ಈ ಕ್ಷೇತ್ರದವರಿಗೆಲ್ಲ ಗೊತ್ತು: ಫೇಲ್ ಮಾಡಬೇಕಾದವರನ್ನು ಫೇಲ್ ಮಾಡಲು ಉಸ್ತುವಾರಿಯವರಿಗೆ ಕೈ ಬರುವುದಿಲ್ಲ. ಮೊದಲ ವರ್ಷದಲ್ಲಿ ‘ಮುಂದೆ ಸರಿಹೋಗುತ್ತಾಳೆ’, ಕೊನೆಯ ವರ್ಷದಲ್ಲಿ ‘ಇಷ್ಟು ದೂರ ಬಂದುಬಿಟ್ಟಿದ್ದಾಳೆ’. ಈ ಎರಡು ಮಾತುಗಳ ನಡುವೆ ನುಸುಳಿ ಒಬ್ಬಳು ಲೈಸೆನ್ಸ್ ಪಡೆಯುತ್ತಾಳೆ. ಹುಡುಗಿ ಎದುರಿಗೆ ಕೂತು ಅಳುತ್ತಾಳೆ. ಅವಳ ಶಿಕ್ಷಣ ಸಾಲ, ಎರಡು ಕೆಲಸ ಮಾಡುವ ತಾಯಿ, ಎಲ್ಲ ಕಣ್ಣೆದುರಿಗಿವೆ. ಅವಳು ಮುಂದೆ ನೋಯಿಸಬಹುದಾದ ರೋಗಿಗೆ ಇನ್ನೂ ಹೆಸರಿಲ್ಲ, ಮುಖವಿಲ್ಲ. ಕಣ್ಣಿಗೆ ಕಾಣುವವರ ಮೇಲೆ ತೋರಿಸುವ ದಯೆಯನ್ನು ಕಾಣದವರ ಲೆಕ್ಕದಿಂದ ಕೊಡುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ನೆನಪಿಟ್ಟುಕೊಂಡು, ‘ಸಾಲದು’ ಎಂದು ಬರೆದು ಸಹಿ ಹಾಕುವುದು ಗದರುವುದಕ್ಕಿಂತ ನೂರು ಪಾಲು ಕಷ್ಟ. ಗದರುವವರು ಎಷ್ಟೋ ಸಲ ಕೊನೆಗೆ ಪಾಸು ಮಾಡಿಬಿಡುತ್ತಾರೆ. ಮೆತ್ತಗೆ ಮಾತಾಡುವವರೇ ತಡೆದು ನಿಲ್ಲಿಸುತ್ತಾರೆ.

ಇಂಥವರಿಗೆ ಸಿಗುವುದೇನು? ಅಮೆರಿಕದಲ್ಲೇ ನರ್ಸುಗಳಿಗೆ ಅತಿ ಹೆಚ್ಚು ಸಂಬಳ ಬರುವ ಸೀಮೆಗಳಲ್ಲಿ ಬೇ ಏರಿಯಾ ಮುಂದಿದೆ. ವಾರ್ಡನ್ನು ಬಿಟ್ಟು ಕಾಲೇಜಿನ ಶಿಕ್ಷಕಿಯಾದರೆ ಸಾಮಾನ್ಯವಾಗಿ ಸಂಬಳ ಇಳಿಯುತ್ತದೆ, ಮೇಲಿನ ಪದವಿ ಪಡೆದು ಬಂದರೂ. ತನ್ನ ಶಿಷ್ಯೆ ಲೈಸೆನ್ಸ್ ಸಿಕ್ಕ ಕೆಲವೇ ವರ್ಷಗಳಲ್ಲಿ ತನಗಿಂತ ಹೆಚ್ಚು ದುಡಿಯುವುದನ್ನು ಕಂಡ ಶಿಕ್ಷಕಿಯರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ಜಾಗಗಳು ಖಾಲಿ ಬೀಳುತ್ತವೆ, ಕಾಲೇಜುಗಳು ಅರೆಕಾಲಿಕರನ್ನು ಹುಡುಕುತ್ತವೆ, ವಾರದಲ್ಲಿ ಮೂರು ದಿನ ಹನ್ನೆರಡು ಗಂಟೆ ದುಡಿದವರು ನಾಲ್ಕನೆಯ ದಿನ ಹುಡುಗಿಯರ ಗುಂಪನ್ನು ಕರೆದುಕೊಂಡು ಬೆಳಗಿನ ಆರೂಮುಕ್ಕಾಲಿಗೆ ವಾರ್ಡಿಗೆ ಬರುತ್ತಾರೆ. ನಮ್ಮ ಅಪ್ಪ ಅಮ್ಮಂದಿರು ಮಲಗುವ ಆಸ್ಪತ್ರೆಗಳು ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತವೆ ಎಂಬುದು ಈ ನಾಲ್ಕನೆಯ ದಿನದ ದುಡಿಮೆಯ ಮೇಲೆ ನಿಂತಿದೆ. ಸದ್ಯಕ್ಕೆ ಅದನ್ನು ಗಂಟೆ ಲೆಕ್ಕದಲ್ಲಿ, ಅಗ್ಗವಾಗಿ, ಕೊಳ್ಳುತ್ತಿದ್ದೇವೆ.